ಇಬ್ಬರ ಗೋಡೆ

ಫೆಬ್ರವರಿ ೧೨, ಗುರುವಾರ. ಅಹಮದಾಬಾದ್.

ಆ ಬ್ಲೇಡ್ ಕಣ್ಣಿಂದ ಹೋಗುತ್ತಿಲ್ಲ. ನಾನು ಪಾಠ ಮಾಡುವ ತರಗತಿಯಲ್ಲಿ ಮಕ್ಕಳು ಮಣ್ಣಿನಲ್ಲಿ ನಮ್ಮ ಪೋಳದ, ಅಂದರೆ ಹಳೇ ಓಣಿಯ, ಮನೆಸಾಲು ಮಾಡಿದ್ದರು. ಜಿನಲ್, ಧ್ರುವಿ ಸೇರಿ ತಮ್ಮ ಎರಡು ಮನೆಗೂ ಒಂದೇ ಗೋಡೆ ಇಟ್ಟಿದ್ದರು, ಇಲ್ಲಿ ಇರುವ ಹಾಗೆಯೇ. ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಟ್ಟು ಕಳಿಸೋಣವೆಂದು ಬ್ಲೇಡಿನಿಂದ ನಡುವೆ ಕೊಯ್ದೆ. ಎರಡೂ ಕುಸಿದವು.

"ಬೇನ್, ಅದು ಇಬ್ಬರ್ದೂ ಗೋಡೆ! ನಿಮ್ಮನೇಲೂ ಹಂಗೇ ಅಲ್ವಾ?" ಎಂದಳು ಜಿನಲ್.

ನಾಳೆ ನಮ್ಮ ಮನೆ ಕೆಡವಲು ನಾವೇ ಕರೆಸಿದ ಆಳುಗಳು ಬರುತ್ತಾರೆ. "ನಿಂದು ಬಿದ್ರೆ ನಂದು ನಿಲ್ಲುತ್ತಾ ಮಗಳೇ?" ಎಂದು ಪಕ್ಕದ ಮನೆಯ ಮಂಜುಕಾಕಿ ಎಷ್ಟು ಸಲ ಕೇಳಿದರೋ. "ಇಂಜಿನಿಯರ್ ನೋಡಿದಾರೆ, ಸುಮ್ನಿರಿ ಕಾಕಿ" ಎಂದು ಬಾಯಿ ಮುಚ್ಚಿಸಿದೆ. ಯಾವ ಇಂಜಿನಿಯರೂ ನೋಡಿಲ್ಲ.

ಮಲಗುವ ಮುಂಚೆ ಕಾಕಿ ಗೋಡೆ ತಟ್ಟುತ್ತಾರೆ, ನಾನೂ ತಿರುಗಿ ತಟ್ಟುತ್ತೇನೆ. ನಾನು ಮದುವೆಯಾಗಿ ಬಂದಾಗಿನಿಂದ ಹಾಗೇ. ಈಗ ತಟ್ಟಿದರು. ಮತ್ತೆ ತಟ್ಟುತ್ತಿದ್ದಾರೆ. ನನ್ನ ಕೈ ಇನ್ನೂ ಗೋಡೆಗೆ ಹೋಗಿಲ್ಲ.