ನಲವತ್ತನೆಯ ಕಂಬಳಿ

ಕೊಟ್ಟೂರು, ಜುಲೈ 14, ಸೋಮವಾರ

ಲಾರಿ ಈಗ ಎಲ್ಲಿ ಹೋಗುತ್ತಿದೆಯೋ. ನಾವು ನೇಯ್ದ ನಲವತ್ತು ಕಂಬಳಿಗಳು ಮೊದಲ ಸಲ ಪುಣೆಯ ಅಂಗಡಿಗೆ ಹೊರಟಿವೆ. ಮಳೆಗೆ ನೆನೆಯದಿರಲೆಂದು ನಾನೇ ಪ್ಲಾಸ್ಟಿಕ್ ಸುತ್ತಿ, ಗೋಣಿತಟ್ಟಿನಲ್ಲಿ ಹೊಲಿದು, ವಿಳಾಸ ಬರೆದೆ.

ಸಂಜೆ ಅತ್ತೆ ಹಿತ್ತಲಿನ ಹಗ್ಗ ಖಾಲಿ ಇದ್ದದ್ದು ನೋಡಿದರು.

"ಮುಂಜಾನಿ ಹುಣಸಿಬೀಜದ ಗಂಜಿ ಹಚ್ಚಿದ್ದ ಕಂಬಳಿ ಎಲ್ಲೈತಿ?"

"ಅದನ್ನೂ ಕಳಿಸಿದೆ."

"ಅಯ್ಯ, ಅದಿನ್ನೂ ಹಸಿ ಇತ್ತಲ್ಲವ್ವಾ! ಬೂಷ್ಟು ಹಿಡಿದ್ರ ಉಳಿದವೂ ಕೆಡ್ತಾವ."

"ಗೊತ್ತಾಗ್ಲಿಲ್ರಿ ಅತ್ತಿ," ಎಂದೆ.

ಟ್ರಾನ್ಸ್‌ಪೋರ್ಟ್ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. "ನಾನರ ಮುಂಚೇನ ಹೇಳಬೇಕಿತ್ತು," ಎಂದು ಅತ್ತೆ ತಮ್ಮನ್ನೇ ಬೈದುಕೊಳ್ಳುತ್ತ ಊಟ ಬಿಟ್ಟು ಮಲಗಿದರು.

ಮಧ್ಯಾಹ್ನ ಲಾರಿಯವನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದ. ಎಣಿಕೆಗೆ ಒಂದು ಕಡಿಮೆ ಇತ್ತು. ಹಗ್ಗದ ಮೇಲಿನ ಕಂಬಳಿ ಎಳೆದು ಮಡಚುವಾಗ ಅದು ಅಂಗೈಗೆ ತಣ್ಣಗೆ ತಾಗಿತ್ತು.