ಅಕ್ಕನ ಮಗ ಗಡಿಗೆ ಹೊರಟಾಗ

ಅಕ್ಕಾ,

ನೀನು ಹೇಳಿದಂತೆ ಇವತ್ತು ವಿದೇಶಾಂಗ ಕಾರ್ಯದರ್ಶಿಗಳನ್ನು ಕಂಡೆ. ನೆರೆಯ ದೇಶದೊಡನೆ ಮಾತುಕತೆಗೆ ಇನ್ನೂ ದಾರಿಯಿದೆ ಎಂದು ನಾನು ಬರೆದ ವರದಿಯನ್ನು ಅವರು ಓದಿದ್ದರು.

"ಚೆನ್ನಾಗಿ ಬರ್ದಿದ್ದೀರಿ ಮೇಡಂ. ಆದ್ರೆ ತೀರ್ಮಾನ ಮೊದ್ಲೇ ಆಗಿತ್ತು," ಎಂದರು.

ನಿನ್ನ ಮಗನ ವಿಷಯ ಎತ್ತಿದೆ. "ಎಲ್ರ ಮನೆ ಮಕ್ಕಳೂ ಹೋಗ್ತಿದ್ದಾರಲ್ಲ," ಎಂದರು.

"ದೊಡ್ಡೋರಿಗೆಲ್ಲ ಚಿಕ್ಕಮ್ಮನೇ ಬುದ್ಧಿ ಹೇಳೋದು, ಯುದ್ಧ ಆಗಲ್ಲ ಬಿಡಮ್ಮ," ಎಂದು ಅವನು ನಿನಗೆ ಧೈರ್ಯ ತುಂಬುತ್ತಿದ್ದನಂತೆ. ಅವನಿಗೆ ನನ್ನ ಮೇಲೆ ಕೋಪವೇನಾದರೂ ಇದೆಯೇ?

ಆ ಗಡಿಯ ಕಣಿವೆಯನ್ನು ಅಭ್ಯಾಸ ಮಾಡುತ್ತಲೇ ನನ್ನ ತಲೆ ನರೆಯಿತು. ನಿನ್ನ ಉಪಯೋಗಕ್ಕೆ ಬರುವುದು ಇಷ್ಟೇ: ಮುಂದಿನ ತಿಂಗಳು ಅಲ್ಲಿ ಹಿಮ ಬೀಳುತ್ತದೆ. ದಪ್ಪ ಉಣ್ಣೆಯ ಕಾಲುಚೀಲಗಳನ್ನು ಕೊಟ್ಟು ಕಳಿಸು. ಒದ್ದೆಯಾದ ಕೂಡಲೇ ಬದಲಾಯಿಸಬೇಕೆಂದು ಹೇಳು.

ನಿನ್ನ ತಂಗಿ