ಹೊಸ್ತಿಲ ಕೆಳಗಿನ ಅಡಾಪ್ಟರ್

ಗದಗ, ನವೆಂಬರ್ 34, 2151

ಶೈಲಜಜ್ಜಿಗೆ, ನಿಮ್ಮ ಮರಿಮಗಳಾದ ಪಾರ್ವತವ್ವನ ಮಗಳು ಚಿನ್ಮಯಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದೆ, ಮೇ ತಿಂಗಳ ಒಂದಷ್ಟು ದಿನಗಳನ್ನು ಕಿತ್ತು ನವೆಂಬರಿಗೆ ಸೇರಿಸಿ ಬಹಳ ಕಾಲವಾಯಿತು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇದನ್ನು ಕಾಲದಲ್ಲಿ ಹಿಂದಕ್ಕೆ ಹೋಗುವ ಹಿಮ್ಮುಖ ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ಹಿಂದಿನವರಿಗೆ ಬರೆಯಲು ನಮಗೆ ಜೀವಮಾನದಲ್ಲಿ ಒಂದೇ ಹಾಳೆ ಸಿಗುತ್ತದೆ. ನನ್ನದನ್ನು ನಿಮ್ಮನ್ನು ಬೈಯಲು ಖರ್ಚು ಮಾಡುತ್ತಿದ್ದೇನೆ.

ನಮ್ಮ ಅವ್ವ ನಾಲ್ಕು ವರ್ಷದವಳಿದ್ದಾಗ ನಿಮ್ಮ ತೊಡೆಯ ಮೇಲೆ ಕೂರುತ್ತಿದ್ದಳಂತೆ. ಅವಳಿಗೆ ನಿಮ್ಮ ಬಳೆ ನೆನಪಿದೆ, ದನಿ ನೆನಪಿಲ್ಲ. "ನನ್ನ ದನಿ ಹೊಸ್ತಿಲ ಕೆಳಗೆ ಐತಿ, ಮನೆ ಬಿಚ್ಚಿದಾಗ ಕೇಳು" ಎಂದು ನೀವು ಅವಳಿಗೆ ಹೇಳಿದ್ದಿರಂತೆ. ನಿಮ್ಮ ಉಳಿದ ಧ್ವನಿಮುದ್ರಣಗಳೆಲ್ಲ ಯಾರದೋ ದೂರದ ಗೋದಾಮಿನಲ್ಲಿದ್ದವು. ಅದು ಮುಚ್ಚಿತು, ಅವೂ ಹೋದವು. ಹಾಗಾಗಿ ಅವ್ವ ಎಪ್ಪತ್ತೊಂಬತ್ತು ವರ್ಷ ಆ ಹೊಸ್ತಿಲು ದಾಟುತ್ತಲೇ ಕಾದಳು. ಈಗ ಅವಳ ಕಿವಿ ಮಂದವಾಗುತ್ತಿದೆ, ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಹೇಳಿದ ಮೇಲೆ, ಗಟ್ಟಿಮುಟ್ಟಾಗಿದ್ದ ಮನೆಯನ್ನೇ ಬಿಚ್ಚಿಸಿದೆವು.

ಹೊಸ್ತಿಲ ಕೆಳಗೆ ಒಂದು ಡಬ್ಬಿ ಸಿಕ್ಕಿತು. ಅದರಲ್ಲಿ ಕೆಂಪು ಬಟ್ಟೆ ಸುತ್ತಿದ ಫೋನು, ತಂತಿಯ ಹೆಡ್‌ಫೋನು, ಎರಡರ ನಡುವೆ ಹಾಕುವ ಗೇಣುದ್ದದ ಅಡಾಪ್ಟರ್, ಒಂದು ಚೀಟಿ. ಹಳೆಯ ಯಂತ್ರಗಳಿಗೆ ಜೀವ ಕೊಡುವ ಮರುಚೇತಕರು ಬಂದರು. ಇಷ್ಟು ಹಳೆಯ ಫೋನು ಒಂದೇ ಗಂಟೆ ಎದ್ದಿರುತ್ತದೆ, ಆಮೇಲೆ ಅದರ ನೆನಪೆಲ್ಲ ಅಳಿಸಿಹೋಗುತ್ತದೆ. ಅದರ ಸ್ಪೀಕರು ಪುಡಿಯಾಗಿತ್ತು. ನಿಮ್ಮ ಕಾಲದ ನಿಸ್ತಂತು ಸಂಕೇತ ಹಿಡಿಯುವ ಯಂತ್ರ ಈಗ ಯಾರಲ್ಲೂ ಇಲ್ಲ. ಹೆಡ್‌ಫೋನು ಸಿಕ್ಕಿಸುವ ತೂತನ್ನು ನಿಮ್ಮ ಕಾಲದ ಕಂಪನಿಯವರು ಮೊದಲೇ ಮುಚ್ಚಿದ್ದರು. ಉಳಿದದ್ದು ಆ ಅಡಾಪ್ಟರ್ ಒಂದೇ.

ಅವ್ವ ಮಿಂದು, ಹೊಸ ಸೀರೆ ಉಟ್ಟು, ಹೆಡ್‌ಫೋನು ಹಾಕಿಕೊಂಡು ಕೂತಳು. ಪರದೆಯ ಮೇಲೆ ನಿಮ್ಮ ದನಿಯ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳಿಗೇನೂ ಕೇಳಿಸಲಿಲ್ಲ. ನಾನು ಕಸಿದು ಹಾಕಿಕೊಂಡೆ. ನನ್ನ ಕಿವಿ ಚೆನ್ನಾಗಿದೆ ಅಜ್ಜಿ, ನನಗೂ ಕೇಳಿಸಲಿಲ್ಲ.

ಆ ಒಂದು ಗಂಟೆ ಮುಗಿದು ಫೋನು ಆರಿದ ಮೇಲೆ ಮರುಚೇತಕರು ಅಡಾಪ್ಟರ್ ಸೀಳಿ ತೋರಿಸಿದರು. ಹೊರಗಿನಿಂದ ಒಂದೇ ಥರ ಕಾಣುವ ಇವುಗಳಲ್ಲಿ ಎರಡು ಜಾತಿಯಂತೆ. ಒಂದರೊಳಗೆ ಅಂಕಿಗಳನ್ನು ದನಿ ಮಾಡುವ ಚಿಪ್ ಇರುತ್ತದೆ, ಇನ್ನೊಂದರಲ್ಲಿ ಬರೀ ತಂತಿ. ತಾನೇ ದನಿ ಮಾಡಿ ಕಳಿಸುವ ಫೋನಿಗೆ ಬರೀ ತಂತಿ ಸಾಕು. ನಿಮ್ಮದು ಅಂಥ ಫೋನಲ್ಲ. ನೀವು ಇಟ್ಟದ್ದು ಬರೀ ತಂತಿಯದು.

ಚೀಟಿಯಲ್ಲಿ ನೀವೇ ಬರೆದಿದ್ದೀರಿ: "ಆಯುಧ ಪೂಜಿ ಮಾಡಿ ಬಟ್ಟಿ ಸುತ್ತಿದ ಫೋನ್ ಮತ್ತ ಬಿಚ್ಚಬಾರದಂತ, ಮರುದಿನ ಬಂದ ಅಡಾಪ್ಟರ್ ನಮ್ಮನಿಯವರ ಫೋನಿಗೆ ಹಚ್ಚಿ ನೋಡೇನಿ. ಎಲ್ಲಾ ಚೆಕ್ ಮಾಡೇನಿ, ಛಲೋ ಕೇಳಸ್ತದ." ತಾನೇ ದನಿ ಮಾಡುವ ನಿಮ್ಮ ಯಜಮಾನರ ಫೋನಿನಲ್ಲಿ ಕೇಳಿಸಿದ್ದನ್ನು ಕಟ್ಟಿಕೊಂಡು ನಮಗೇನಾಗಬೇಕು? ಎರಡು ಸುತ್ತು ಬಟ್ಟೆ ಬಿಚ್ಚಲು ನಿಮಗೆ ಕೈ ಬರಲಿಲ್ಲವೇ? ನಂಬಿಸಿ ಕೈಬಿಟ್ಟಿರಿ.

ಇದನ್ನೆಲ್ಲ ಅವ್ವನಿಗೆ ಹತ್ತು ಸಲ ಬಿಡಿಸಿ ಹೇಳಿದೆ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು. ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು, "ನನ್ನ ಕಿವೀನ ಸತ್ತಾವ ಚಿನ್ನೂ. ಮುತ್ತಜ್ಜಿ ಚೆಕ್ ಮಾಡೇನಿ ಅಂತ ಬರದಾಳ, ಆಕಿ ಸುಳ್ಳು ಹೇಳಾಕಿ ಅಲ್ಲ. ನಾನ ತಡಾ ಮಾಡಿದೆ," ಎನ್ನುತ್ತಾಳೆ. ಊಟಕ್ಕೆ ಕೂತಾಗಲೂ ಅದೇ ಮಾತು.

ಈ ಪತ್ರ ಮುಟ್ಟಿದಾಗ ಡಬ್ಬಿ ಇನ್ನೂ ನಿಮ್ಮ ಕೈಯಲ್ಲಿದ್ದರೆ, ಬಟ್ಟೆ ಬಿಚ್ಚಿ, ಆ ಅಡಾಪ್ಟರನ್ನು ಅದೇ ಫೋನಿಗೆ ಹಾಕಿ, ನಿಮ್ಮ ಕಿವಿಯಿಂದಲೇ ಕೇಳಿ ನೋಡಿ. ಪೂಜೆ ಮಾಡಿದ್ದನ್ನು ಬಿಚ್ಚಲು ಮನಸ್ಸು ಒಪ್ಪದಿದ್ದರೆ ಬೇಡ, ಇದ್ದ ಹಾಗೇ ಹೂತುಬಿಡಿ. ನಿಮ್ಮ ದನಿ ಇಲ್ಲದೆಯೂ ಅವ್ವ ಹೇಗೋ ಇದ್ದಾಳು. ಆದರೆ ಒಂದು ಪೆನ್ನು ತೆಗೆದುಕೊಂಡು ಚೀಟಿಯಲ್ಲಿ "ಎಲ್ಲಾ ಚೆಕ್ ಮಾಡೇನಿ" ಎಂದಿರುವ ಆ ಕೊನೆಯ ಸಾಲನ್ನು ಹೊಡೆದುಹಾಕಿ ಅಜ್ಜಿ. ಅವಳು ತನ್ನನ್ನು ತಾನು ಬೈದುಕೊಳ್ಳುವುದನ್ನಾದರೂ ಬಿಡಲಿ.

ಚಿನ್ಮಯಿ